ಒಂದು ಚಕ್ರ, ಒಂದು ರಜೆ ಅರ್ಜಿ

ಲ್ಯೂಬೆಕ್ ಊರಿನ ಹೆಬ್ಬಾಗಿಲು ಕಣ್ಣಿಗೆ ಬೀಳುವುದಕ್ಕೂ ನಮ್ಮ ಸೂಟ್‌ಕೇಸಿನ ಒಂದು ಚಕ್ರ ಕಳಚಿಕೊಳ್ಳುವುದಕ್ಕೂ ಸರಿಹೋಯಿತು. ಕಳಚಿದ್ದು ಅಲ್ಲೇ ಸುಮ್ನೆ ಬಿದ್ದಿರಬಾರದಾ? ಎರಡು ಸಲ ಪುಟಿದು, ಉರುಳಿಕೊಂಡು ಸೈಕಲ್ ದಾರಿಗೆ ಹೋಯಿತು. ಜರ್ಮನಿಯಲ್ಲಿ ಸೈಕಲ್ ದಾರಿಗೆ ಕಾಲಿಡುವುದೂ ಒಂದೇ, ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವುದೂ ಒಂದೇ. ಹಿಂದಿನಿಂದ ಬಂದ ಹುಡುಗಿ ಟ್ರಿಣ್ ಅಂತ ಬೆಲ್ ಮಾಡಿದಳು. ನಮ್ಮವರು ಅವಳಿಗೆ ಕೈ ಮುಗಿದು ಚಕ್ರ ಎತ್ತಿಕೊಂಡು ಬಂದರು.

"ಎರಡು ರಾತ್ರಿಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಅಂತ ಮನೇಲೇ ಕೇಳಿದ್ದೆ."

"ನಿಮ್ಮ ಮಫ್ಲರ್, ನಿಮ್ಮ ಎರಡು ಸ್ವೆಟರ್, ನಿಮ್ಮ ಚಟ್ನಿಪುಡಿ ಡಬ್ಬಿ ತೆಗೆದರೆ ನಂದು ಒಂದು ಕೈಚೀಲಕ್ಕೆ ಆಗತ್ತೆ ರೀ."

ಆ ಹೆಬ್ಬಾಗಿಲ ಮೇಲೆ ದಪ್ಪ ಅಕ್ಷರಗಳಲ್ಲಿ ಲ್ಯಾಟಿನ್ ಬರಹವೊಂದಿದೆ. ಹ್ಯಾಂಬರ್ಗಿನಲ್ಲಿದ್ದ ಮಗಳು ಫೋನಿನಲ್ಲಿ ಅರ್ಥ ಹೇಳಿದಳು: ಮನೆಯೊಳಗೆ ಒಗ್ಗಟ್ಟು, ಹೊರಗೆ ಶಾಂತಿ. ನಾವಿಬ್ಬರೂ ಓದಿ ಸುಮ್ಮನಾದೆವು.

ಆ ಕ್ಷಣದಲ್ಲಿ ಪ್ರವಾಸದ ಬಗ್ಗೆ ನನಗೊಂದು ಮಾತು ಹೊಳೆಯಿತು. ಬಹಳ ಒಳ್ಳೆಯ ಮಾತು. ಅದನ್ನು ಹೇಳೋಣ ಅಂತಲೇ ಇದನ್ನು ಬರೆಯಲು ಕೂತಿದ್ದು. ಸ್ವಲ್ಪ ತಾಳಿ, ಬರುತ್ತೇನೆ.

ಮೊದಲು ಆ ಕಲ್ಲು ಹಾಸಿನ ರಸ್ತೆಗಳ ವಿಷಯ. ಯುರೋಪಿಗೆ ಹೋಗಿ ಬಂದವರೆಲ್ಲ ಅದರ ಚಂದ ಹೊಗಳುತ್ತಾರೆ. ಅವರ್ಯಾರೂ ಸೂಟ್‌ಕೇಸ್ ಎಳೆದವರಲ್ಲ. ಮೂರು ಚಕ್ರದ ಪೆಟ್ಟಿಗೆ ಆ ಕಲ್ಲಿನ ಮೇಲೆ ಹೋದರೆ ಖಾಲಿ ಎತ್ತಿನಗಾಡಿ ಸೇತುವೆ ದಾಟಿದ ಸದ್ದು. "ಸ್ಟೇಷನ್ನಿಂದ ನಡೆದುಕೊಂಡೇ ಹೋಗಿ ಅಮ್ಮ, ಹತ್ತಿರಾನೇ" ಅಂದಿದ್ದಳು ಮಗಳು. ಮೂವತ್ತರ ಮಂಡಿಗೆ ಹತ್ತಿರ, ಅರವತ್ತಮೂರರ ಮಂಡಿಗೆ ಅಲ್ಲ.

ಆ ಹೆಬ್ಬಾಗಿಲ ಹೆಸರು ಹೋಲ್ಸ್ಟೆನ್‌ಟೋರ್. ಕಟ್ಟಿದ್ದು 1464ರಿಂದ 1478ರವರೆಗೆ. ಜೌಗು ನೆಲದಲ್ಲಿ ಕಟ್ಟಿದ್ದರಿಂದ ಅದರ ಗೋಪುರಗಳು ಕುಸಿದು ವಾಲಿಕೊಂಡಿವೆ. ಮದುವೆ ಮನೆಯಲ್ಲಿ ಊಟ ಜಾಸ್ತಿಯಾಗಿ ಒಬ್ಬರಿಗೊಬ್ಬರು ಒರಗಿ ಕೂತ ಮಾವಂದಿರ ಹಾಗೆ ಕಾಣುತ್ತವೆ. 1863ರಲ್ಲಿ ಇದನ್ನು ಕೆಡವಿಬಿಡೋಣ ಅಂತ ಊರಿನ ಸಭೆಯಲ್ಲಿ ಮತಕ್ಕೆ ಹಾಕಿದರಂತೆ. ಒಂದೇ ಒಂದು ಮತದಿಂದ ಉಳಿಯಿತು. ಆಮೇಲೆ ಅದೇ ಬಾಗಿಲನ್ನು 50 ಮಾರ್ಕಿನ ನೋಟಿನ ಮೇಲೆ ಅಚ್ಚು ಹಾಕಿ ಮೆರೆಸಿದರು. ಪಕ್ಕದಲ್ಲೇ ಟ್ರಾವೆ ನದಿಯ ದಡಕ್ಕೆ ಉಪ್ಪಿನ ಹಳೆಯ ಉಗ್ರಾಣಗಳಿವೆ. ಲ್ಯೂನೆಬರ್ಗಿನಿಂದ ಉಪ್ಪು ಇಲ್ಲಿಗೆ ಬಂದು, ಹಡಗು ಹತ್ತಿ ಉತ್ತರದ ಮೀನಿನ ಊರುಗಳಿಗೆ ಹೋಗುತ್ತಿತ್ತು. ಹಾನ್ಸಾ ಅನ್ನುವ ವ್ಯಾಪಾರಿ ಊರುಗಳ ಕೂಟಕ್ಕೆ ಲ್ಯೂಬೆಕ್ಕೇ ರಾಣಿ. ಈ ಊರಿನ ಸಿಹಿತಿಂಡಿ ಮಾರ್ಜಿಪಾನ್ ಬಗ್ಗೆ ನಾನೇನೂ ಹೇಳುವುದಿಲ್ಲ. ಅದನ್ನು ತಿಂದ ಕನ್ನಡಿಗರೆಲ್ಲ "ಬಾದಾಮಿ ಬರ್ಫಿ ಕಣ್ರೀ" ಅಂದೇ ಅನ್ನುತ್ತಾರೆ. ನಮ್ಮವರೂ ಅಂದರು.

ನನ್ನ ತಲೆ ಕೆಡಿಸಿದ್ದು ಬೇರೆ. ಮರುದಿನ ಬೆಳಿಗ್ಗೆ ಸೇಂಟ್ ಮೇರಿ ಚರ್ಚಿಗೆ ಹೋದೆವು. ದುಡ್ಡು ಕೊಟ್ಟು ಚೀಟಿ ತಗೊಂಡು ದೇವರ ಮನೆಗೆ ಹೋಗುವುದು ನನಗೆ ಹಿಡಿಸಲಿಲ್ಲ. ಆದರೆ ತಿರುಪತಿಯ ಸ್ಪೆಷಲ್ ದರ್ಶನದ ಸಾಲಿನಲ್ಲಿ ನಿಂತವಳು ನಾನು, ಬಾಯಿ ಮುಚ್ಚಿಕೊಂಡೆ. ಅಲ್ಲಿ ಗೊತ್ತಾಯಿತು, ಬಾಖ್ ಅನ್ನುವ ಸಂಗೀತಗಾರ ಈ ಚರ್ಚಿಗೆ ನಡೆದುಕೊಂಡು ಬಂದಿದ್ದನಂತೆ. ಎಲ್ಲಿಂದ? ಆರ್ನ್‌ಷ್ಟಾಟ್ ಎಂಬ ಊರಿನಿಂದ. ಎಷ್ಟು ದೂರ? 400 ಕಿಲೋಮೀಟರಿಗೂ ಹೆಚ್ಚು.

ನಮ್ಮವರು ತಕ್ಷಣ, "ನೋಡು, ಅವನು 400 ನಡೆದ, ನೀನು ಒಂದಕ್ಕೆ ಇಷ್ಟು ಗೊಣಗಿದೆ" ಅಂದರು. ಅವನ ಹತ್ತಿರ ನಿಮ್ಮ ಮಫ್ಲರ್ ಇರಲಿಲ್ಲ ಅಂದೆ.

ಆದರೆ ನನ್ನ ಕಿವಿ ನೆಟ್ಟಗಾಗಿದ್ದು ನಡಿಗೆಯ ಸುದ್ದಿಗಲ್ಲ, ರಜೆಯ ಸುದ್ದಿಗೆ. ನಾನು ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ಶಾಖೆಯಲ್ಲಿ 31 ವರ್ಷ ಸವೆಸಿದವಳು. ಗಳಿಕೆ ರಜೆ, ಪರಿವರ್ತಿತ ರಜೆ, ಅನಧಿಕೃತ ಗೈರುಹಾಜರಿ, ಇವು ನನ್ನ ಅನ್ನ. ಆ ರಾತ್ರಿ ಮಗಳಿಂದ ಫೋನಿನಲ್ಲಿ ಹುಡುಕಿಸಿ ಇಡೀ ಫೈಲನ್ನೇ ತೆಗೆಸಿದೆ.

ವಿಷಯ ಹೀಗಿದೆ. ಅರ್ಜಿದಾರ ಯೋಹಾನ್ ಸೆಬಾಸ್ಟಿಯನ್ ಬಾಖ್. ವಯಸ್ಸು 20. ಹುದ್ದೆ ಚರ್ಚಿನ ಆರ್ಗನ್ ವಾದಕ. 1705ರ ಅಕ್ಟೋಬರಿನಲ್ಲಿ ನಾಲ್ಕು ವಾರ ರಜೆ ಕೇಳಿದ. ಕಾರಣ, ಲ್ಯೂಬೆಕ್ಕಿನ ಬುಕ್ಸ್‌ಟೆಹೂಡೆ ಎಂಬ ಮಹಾ ವಿದ್ವಾಂಸನ ಆರ್ಗನ್ ಕೇಳಬೇಕು. ಮೇಲಧಿಕಾರಿ ಮಂಜೂರು ಮಾಡಿದ. ಇಲ್ಲೇ ತಪ್ಪಾಗಿದ್ದು! ಲೆಕ್ಕ ಹಾಕಿ ನೋಡಿ. ದಿನಕ್ಕೆ 30 ಕಿಲೋಮೀಟರ್ ನಡೆದರೂ ಹೋಗಲಿಕ್ಕೆ ಎರಡು ವಾರ, ಬರಲಿಕ್ಕೆ ಎರಡು ವಾರ. ನಾಲ್ಕು ವಾರ ರಸ್ತೆಯಲ್ಲೇ ಖರ್ಚು. ಲ್ಯೂಬೆಕ್ಕಿಗೆ ಬಂದು ಬಾಗಿಲು ಮುಟ್ಟಿ ವಾಪಸ್ ಹೊರಡಬೇಕು. ಅರ್ಜಿ ಬರೆಯುವಾಗಲೇ ಹುಡುಗನಿಗೆ ಇದು ಗೊತ್ತಿತ್ತು ಅಂತ ನನ್ನ ಅಭಿಪ್ರಾಯ. ಪ್ರಯಾಣದ ಕಾಲ ಎಷ್ಟು ಅಂತ ಒಂದು ಷರಾ ಬರೆಯುವ ಗುಮಾಸ್ತ ಆ ಚರ್ಚಿನಲ್ಲಿ ಇರಲಿಲ್ಲ.

ಹೋದವನು ವಾಪಸ್ ಬಂದದ್ದು 1706ರಲ್ಲಿ. ಫೆಬ್ರವರಿ 21ರಂದು ಅಧಿಕಾರಿಗಳ ಮುಂದೆ ನಿಲ್ಲಿಸಿ ಸಮಜಾಯಿಷಿ ಕೇಳಿದರು. ನಡಾವಳಿ ಇವತ್ತಿಗೂ ಇದೆ. ಕೇಳಿದ್ದು ನಾಲ್ಕು ವಾರ, ಇದ್ದದ್ದು ಅದರ ನಾಲ್ಕರಷ್ಟು, ಏನು ಹೇಳುತ್ತೀಯ? ನನ್ನ ವಿದ್ಯೆಗೆ ಸಂಬಂಧಪಟ್ಟ ಒಂದೆರಡು ಸಂಗತಿ ತಿಳಿದುಕೊಳ್ಳಲು ಹೋಗಿದ್ದೆ ಅಂದ. ಬದಲಿಗೆ ಒಬ್ಬನನ್ನು ಬಿಟ್ಟು ಹೋಗಿದ್ದೆ, ಕೆಲಸಕ್ಕೆ ಏನೂ ತೊಂದರೆ ಆಗಿರಲಾರದು ಅಂದ. ಎಂಥ ಧೈರ್ಯ! ಇದೇ ಸಂದರ್ಭ ಅಂತ ಅಧಿಕಾರಿಗಳು ಹಳೆಯದನ್ನೂ ಎತ್ತಿದರು. ಹಾಡಿನ ನಡುವೆ ಏನೇನೋ ವಿಚಿತ್ರ ಸ್ವರ ಸೇರಿಸುತ್ತೀಯ, ಭಕ್ತರಿಗೆ ಗಲಿಬಿಲಿಯಾಗುತ್ತದೆ. ಮೊದಲು ತುಂಬ ಉದ್ದ ನುಡಿಸುತ್ತಿದ್ದೆ, ಹೇಳಿದ ಮೇಲೆ ತೀರಾ ಗಿಡ್ಡ ಮಾಡಿದೆ. ಇಷ್ಟಾದರೂ ಕೆಲಸ ಹೋಗಲಿಲ್ಲ. 1707ರಲ್ಲಿ ಅವನೇ ಬಿಟ್ಟು ಬೇರೆ ಊರಿಗೆ ಹೋದ.

ಇನ್ನೊಂದು ಇದೆ. ಬುಕ್ಸ್‌ಟೆಹೂಡೆಯ ಹುದ್ದೆ ಬೇಕಾದವನು ಅವನ ಮಗಳನ್ನು ಮದುವೆಯಾಗಬೇಕಿತ್ತು. ಅವನಿಗೂ 1668ರಲ್ಲಿ ಕೆಲಸ ಸಿಕ್ಕಿದ್ದು ಹಾಗೇ, ಹಿಂದಿನವನ ಮಗಳ ಕೈ ಹಿಡಿದು. ನಮ್ಮಲ್ಲಿ ಅನುಕಂಪದ ನೌಕರಿ ಇದೆ, ಇದು ಅದರ ಅಜ್ಜ. 1703ರಲ್ಲಿ ಹ್ಯಾಂಡೆಲ್ ಎಂಬ ಇನ್ನೊಬ್ಬ ಸಂಗೀತಗಾರ ಮತ್ತು ಅವನ ಗೆಳೆಯ ಮಾಟೆಸನ್ ಬಂದರು, ಷರತ್ತು ಕೇಳಿದರು, ಬಂದ ದಾರಿ ಹಿಡಿದರು. ಬಾಖ್ ಬಂದಾಗಲೂ ಅವಳಿಗೆ ಮದುವೆಯಾಗಿರಲಿಲ್ಲ. ಅವನೂ ಆರ್ಗನ್ ಕೇಳಿಕೊಂಡು ಹೊರಟ. ಕೊನೆಗೆ 1707ರಲ್ಲಿ ಶೀಫರ್‌ಡೆಕರ್ ಎಂಬುವನು ಹುಡುಗಿಯನ್ನೂ ಹುದ್ದೆಯನ್ನೂ ಪಡೆದ. ಈ ಕಥೆ ಕೇಳಿದವರೆಲ್ಲ ನಗುತ್ತಾರೆ. ಮಗಳೂ ನಕ್ಕಳು. ನನಗೆ ಸಿಟ್ಟು ಬಂತು. ಬಂದವರೆಲ್ಲ ನೋಡಿಕೊಂಡು ಎದ್ದು ಹೋದರಲ್ಲ, ಅವಳಿಗೂ ಒಂದು ಹೆಸರಿದೆ, ಅನ್ನಾ ಮಾರ್ಗರೆಟಾ. ನಗುವ ವಿಷಯವಾ ಇದು?

ಫೈಲ್ ಮುಚ್ಚಿದರೂ ನಿದ್ದೆ ಬರಲಿಲ್ಲ. ಕುಂದಾಪುರದಲ್ಲಿದ್ದಾಗ ನಮ್ಮ ಶಾಖೆಯಲ್ಲಿ ಒಬ್ಬ ಹುಡುಗ ಇದ್ದ. ದ್ವಿತೀಯ ದರ್ಜೆ ಸಹಾಯಕ. ಮದ್ದಳೆ ಬಾರಿಸುತ್ತಿದ್ದ. ಮೇಜಿನ ಮೇಲೆ ಬೆರಳು ಸುಮ್ಮನೆ ಇರುತ್ತಿರಲಿಲ್ಲ, ಅದಕ್ಕೂ ನನ್ನಿಂದ ಬೈಸಿಕೊಂಡಿದ್ದ. ಒಂದು ವರ್ಷ ದೀಪಾವಳಿ ಕಳೆದ ಮೇಲೆ ಹತ್ತು ದಿನ ರಜೆ ಹಾಕಿ ಮೇಳದ ಹಿಂದೆ ಹೋದ. ಬಂದದ್ದು 38 ದಿನಕ್ಕೆ. ಕಣ್ಣು ಕೆಂಪು, ಬೆರಳಿಗೆ ಪಟ್ಟಿ. ಕಾರಣ ಕೇಳಿ ನೋಟಿಸ್ ಕೊಟ್ಟೆ. ಒಂದೇ ಸಾಲು ಬರೆದ: ಹಿರಿಯ ಮದ್ದಳೆಗಾರರೊಬ್ಬರ ಪಕ್ಕದಲ್ಲಿ ಕೂರಲು ಅವಕಾಶ ಸಿಕ್ಕಿತ್ತು, ಎದ್ದು ಬರಲು ಆಗಲಿಲ್ಲ. ನಾನು ಕೆಳಗೆ ಬರೆದೆ: ಸಮಜಾಯಿಷಿ ತೃಪ್ತಿಕರವಾಗಿಲ್ಲ. 28 ದಿನದ ಸಂಬಳ ಹೋಯಿತು.

ಈಗ ಕೇಳಿದರೂ ನಾನು ಬರೆದದ್ದು ಸರಿಯೇ. ಅವನ ಟಪಾಲು ಅಷ್ಟೂ ದಿನ ನಾನೇ ನೋಡಿದ್ದೆ. ಬಾಖ್ ಬದಲಿಗೆ ಒಬ್ಬನನ್ನಾದರೂ ಬಿಟ್ಟು ಹೋಗಿದ್ದ. ಆದರೆ ಆ "ತೃಪ್ತಿಕರವಾಗಿಲ್ಲ" ಅನ್ನುವ ಪದ ಯಾಕೋ ಲ್ಯೂಬೆಕ್ಕಿನ ಹಾಸಿಗೆಯಲ್ಲಿ ಚುಚ್ಚುತ್ತಲೇ ಇತ್ತು. ಆ ಹುಡುಗ ಆಮೇಲೆ ವರ್ಗವಾಗಿ ಹೋದ. ಮೇಜಿನ ಸದ್ದು ನಿಂತಿತು.

ಆರ್ಗನ್ ಕಥೆ ಅಲ್ಲಿಗೆ ಮುಗಿಯಿತು ಅನ್ನಿ, ಯಾಕೆಂದರೆ ಬುಕ್ಸ್‌ಟೆಹೂಡೆ ನುಡಿಸಿದ ಆರ್ಗನ್ ಈಗಿಲ್ಲ. 1942ರ ಮಾರ್ಚಿನಲ್ಲಿ ಬಾಂಬ್ ಬಿದ್ದು ಚರ್ಚು ಹೊತ್ತಿ ಉರಿಯಿತು. ಗೋಪುರದ ಗಂಟೆಗಳು ಕೆಳಗೆ ಬಿದ್ದು ಒಡೆದು ನೆಲದಲ್ಲಿ ಹೂತುಕೊಂಡವು. ಅವನ್ನು ಎತ್ತದೆ ಬಿದ್ದಲ್ಲೇ ಬಿಟ್ಟಿದ್ದಾರೆ. ಚರ್ಚಿಗೆ ಹೋದಾಗ ನಾವು ಆ ಕಬ್ಬಿಣದ ಬೇಲಿಯ ಮುಂದೆ ಬಹಳ ಹೊತ್ತು ನಿಂತಿದ್ದೆವು. ನಮ್ಮವರ ಒಂದು ಕೈ ಪ್ಯಾಂಟಿನ ಜೇಬಿನಲ್ಲಿತ್ತು. ಏನದು ಅಂದೆ. ಚಕ್ರ ಅಂದರು. ಊರಿಗೆ ಹೋದ ಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ ಬ್ಯಾಗ್ ರಿಪೇರಿಯವನು ಹಾಕಿಕೊಡುತ್ತಾನಂತೆ.

ಹೊರಡುವ ದಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಚಟ್ನಿಪುಡಿ ಹಚ್ಚಿದ ಬ್ರೆಡ್ ತಿನ್ನುತ್ತಿದ್ದೆವು.

"ಆ ಬಾಗಿಲ ಮುಂದೆ ಏನೋ ಹೊಳೀತು ಅಂದ್ಯಲ್ಲ, ಏನದು?" ಅಂದರು.

"ಅದಾ? ಏನಪ್ಪಾ ಅಂದರೆ..." ಅಂತ ಶುರು ಮಾಡಿದೆ. ಧ್ವನಿವರ್ಧಕದಲ್ಲಿ ಏನೋ ಜರ್ಮನ್ನಿನಲ್ಲಿ ಕೂಗಿದರು. ಬೆಂಚುಗಳ ಮೇಲೆ ಕೂತವರೆಲ್ಲ ಒಟ್ಟಿಗೆ ಎದ್ದು ಓಡಿದರು. ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ನಮ್ಮವರು ಪೆಟ್ಟಿಗೆಯ ಹಿಡಿ ಹಿಡಿದರು, ನಾನು ಚಕ್ರವಿಲ್ಲದ ಮೂಲೆ ಎತ್ತಿದೆ, ಇಬ್ಬರೂ ಬ್ರೆಡ್ ಬಾಯಲ್ಲಿ ಕಚ್ಚಿಕೊಂಡು ಮೆಟ್ಟಿಲ ಕಡೆ ಓಡಿದೆವು.