ಸ್ಟೆಂಟ್ ಹಾಕಿಸಿದ ಮೇಲಿನ ಕಥೆ

ನನ್ನ ತಮ್ಮನಿಗೆ 34 ವರ್ಷ. ಹೋದ ವರ್ಷ ಒಂದು ಬೆಳಗಿನ ಜಾವ ಎದೆ ಹಿಂಡಿದ ಹಾಗಾಯಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಮಲಗಿಬಿಟ್ಟ. ಬನಿಯನ್ ಬೆವರಿಗೆ ತೊಯ್ದು ಮೈಗೆ ಅಂಟಿದ್ದನ್ನು ನೋಡಿ ಅವನ ಹೆಂಡತಿ ಹಠ ಹಿಡಿದು ಇಸಿಜಿ ಮಾಡಿಸಿದಳು. ಅಷ್ಟು ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು.

ಆಂಜಿಯೋಗ್ರಾಂ ಪರದೆಯನ್ನು ಡಾಕ್ಟರು ನನಗೂ ತೋರಿಸಿದರು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ನಾಳ ಕಪ್ಪು ದಾರದ ಹಾಗೆ ಇಳಿದು, ಅರ್ಧಕ್ಕೇ ನಿಂತುಬಿಟ್ಟಿತ್ತು. ಮಣಿಕಟ್ಟಿನಿಂದ ತಂತಿ ತೂರಿಸಿ, ಬಲೂನ್ ಉಬ್ಬಿಸಿ, ನಾಳ ತೆರೆದೇ ಇರಲಿ ಅಂತ ಸ್ಟೆಂಟ್ ಕೂರಿಸಿದ ಮೇಲೆ ಅದೇ ದಾರ ಕವಲೊಡೆದು ತುದಿಯವರೆಗೂ ಹರಿಯಿತು. ನಾನು ಅಲ್ಲೇ ಅತ್ತುಬಿಟ್ಟೆ.

'ಇಷ್ಟು ಚಿಕ್ಕ ವಯಸ್ಸಿಗೇ?' ಅಂತ ಎಲ್ಲರೂ ಕೇಳಿದರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳಕ್ಕೆ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದರಲ್ಲ, ಆ ರೋಗಿಗೂ ಬರೀ 38 ವರ್ಷ.

ನನಗೆ ಹೆದರಿಕೆ ಹುಟ್ಟಿದ್ದು ಆಮೇಲೆ. ಮೂರನೇ ದಿನ ಮನೆಗೆ ಬಂದವನು ತಿಂಗಳೊಳಗೆ ಬೈಕ್ ಹತ್ತಿದ. ನಾಲ್ಕು ತಿಂಗಳಾದ ಮೇಲೆ ಅವನ ಬ್ಯಾಗಿನಲ್ಲಿ ಮಾತ್ರೆ ಪಟ್ಟಿ ಸಿಕ್ಕಿತು. ಹತ್ತರಲ್ಲಿ ಏಳು ಹಾಗೇ ಇದ್ದವು. 'ಬ್ಲಾಕ್ ತೆಗೆದಾಯ್ತಲ್ಲ, ಕೊಲೆಸ್ಟ್ರಾಲ್ ಕೂಡ ನಾರ್ಮಲ್ ಬಂದಿದೆ' ಅಂದ. ನಾರ್ಮಲ್ ಬಂದದ್ದೇ ಮಾತ್ರೆಯಿಂದ ಅಲ್ವಾ!

ಸ್ಟೆಂಟ್ ಲೋಹದ ಜಾಲರಿ. ಅದರ ಮೇಲೆ ಒಳಪೊರೆ ಬೆಳೆಯುವವರೆಗೂ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಾರ್ಟ್ ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುವುದು ಅದಕ್ಕೇ. ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು. ಆಂಜಿಯೋಪ್ಲಾಸ್ಟಿ ತೆರೆದದ್ದು ಒಂದು ಜಾಗವನ್ನು ಮಾತ್ರ. ಕೊಬ್ಬು ಕಟ್ಟುವ ಕಾಯಿಲೆ ಉಳಿದ ನಾಳಗಳಲ್ಲೂ ಇರುತ್ತದೆ. ಸಿಗರೇಟ್ ಸೇದುವ ಹುಡುಗರಿಗಂತೂ ಇದನ್ನು ಕೂರಿಸಿಕೊಂಡು ಹೇಳಬೇಕು. ಆಸ್ಪತ್ರೆಯಲ್ಲಿ ನಮಗೆ ಬಿಲ್ಲಿನ ಬಗ್ಗೆ ಅರ್ಧ ಗಂಟೆ ವಿವರಿಸಿದರು, ಮಾತ್ರೆ ಬಗ್ಗೆ ಎರಡೇ ನಿಮಿಷ. ಆ ಸಿಟ್ಟು ನನಗೆ ಇನ್ನೂ ಇದೆ.

2021ರಲ್ಲಿ ಪುನೀತ್ 46ಕ್ಕೇ ಹೋದಾಗ, 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ, ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಜನ ಮುಗಿಬಿದ್ದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಭಯ ಹದಿನೈದು ದಿನಕ್ಕೆ ಇಳಿಯುತ್ತದೆ, ಮಾತ್ರೆ ದಿನಾ ನುಂಗಬೇಕು.

ಅಪ್ಪ 49ಕ್ಕೆ ಎದೆನೋವಿನಿಂದಲೇ ಹೋದವರು. ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು, ನಾನು ಹೋದ ತಿಂಗಳವರೆಗೂ ಮುಂದೂಡಿದೆ. ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168 ಇತ್ತು. ಈಗ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಪಕ್ಕ ಒಂದು ಸ್ಟೀಲ್ ಡಬ್ಬಿ ಇದೆ, ಅವನ ಮಾತ್ರೆ ಪಟ್ಟಿಗಳ ಜೊತೆ ನನ್ನದೂ ಒಂದು.