ಬೆಂಗಳೂರಿನ ಕಾಳು, ಮುಂಬಯಿಯ ಗಾಳಿ

ಮೆಕ್ಕೆಜೋಳದ ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದರೆ ಟಕ್ಕೆಂದು ಒಡೆಯಬೇಕು. ಮೆತ್ತಗಾಗಿ ಹಲ್ಲಿಗೆ ಅಂಟಿಕೊಳ್ಳುವ ಕಾಳು ಇನ್ನೂ ಹಸಿ, ಅದನ್ನು ಮನೆಗೆ ತರಬಾರದು. ಬೆಂಗಳೂರಿನ ಹಲಸೂರಿನ ನಮ್ಮ ಮನೆಯ ಮಾಳಿಗೆಯಲ್ಲಿ ಹೋಮರ್ ಪಾರಿವಾಳಗಳನ್ನು, ಎಂದರೆ ದೂರದಲ್ಲಿ ಬಿಟ್ಟರೂ ಮನೆಗೆ ಹಾರಿ ಬರುವ ರೇಸಿನ ಹಕ್ಕಿಗಳನ್ನು, ಸಾಕಿದ್ದ ಚಿಕ್ಕಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ಈಗ 17 ವರ್ಷಗಳಿಂದ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿದ್ದೇನೆ, ಇಲ್ಲಿ ನಾನೂ ಅವನ್ನೇ ಸಾಕುತ್ತೇನೆ. ವಾಶಿಯ ದಾಣಾ ಬಂದರ್ ಎಂಬ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ ಮೂಟೆಯಿಂದ ಮೂಟೆಗೆ ಹೋಗಿ ಕಾಳು ಕಡಿಯುವ ನನ್ನನ್ನು ಅಂಗಡಿಯವರು ಮೊದಮೊದಲು ಗದರಿಸುತ್ತಿದ್ದರು. ಈಗ ಅವರೇ ಒಳಗಿನ ಮೂಟೆ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿಯುತ್ತಾರೆ.

ಮುಂಬಯಿಗೆ ಬಂದಾಗ ಚಿಕ್ಕಪ್ಪನ ಮಿಶ್ರಣವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಅವರು ತಿಂಗಳಿಗೊಮ್ಮೆ ಜಮಖಾನೆ ಹಾಸಿ, ಕಾಳನ್ನೆಲ್ಲ ಬಿಸಿಲಿಗೆ ಹರಡಿ, ಜರಡಿ ಹಿಡಿದು, ಮೊರದಲ್ಲಿ ಕೇರಿ, ಒಟ್ಟಿಗೆ ಬೆರೆಸಿ ತಗಡಿನ ಡಬ್ಬಗಳಿಗೆ ತುಂಬುತ್ತಿದ್ದರು. ನಡುವೆ ಬೇವಿನ ಎಲೆ. ನಾನೂ ಹಾಗೆಯೇ ಮಾಡಿದೆ, ಜೂನ್ ತಿಂಗಳಲ್ಲಿ. ಜುಲೈ ನಡುವಿಗೆ ಡಬ್ಬದ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಮೆಕ್ಕೆಜೋಳದ ಮೊಳಕೆಯ ತುದಿಯಲ್ಲಿ ಹಸಿರು ಬೂಷ್ಟು. ಹಕ್ಕಿಗಳು ಆ ಕಾಳನ್ನು ಕೊಕ್ಕಿನಿಂದ ಆಚೆ ತಳ್ಳುತ್ತಿದ್ದವು, ಹಿಕ್ಕೆ ಹಸಿರಾಗಿ ನೀರಾಗಿತ್ತು. ಎರಡು ಮರಿಗಳು ಸತ್ತವು. ತಪ್ಪು ಮಿಶ್ರಣದಲ್ಲಿದೆ ಎಂದುಕೊಂಡು ಹೆಸರುಕಾಳು ಹೆಚ್ಚಿಸಿದೆ, ಗೋಧಿ ಕಡಿಮೆ ಮಾಡಿದೆ. ತಪ್ಪು ಇದ್ದದ್ದು ಡಬ್ಬದಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಒಣಗಾಳಿಯಲ್ಲಿ ತಿಂಗಳು ನಿಲ್ಲುವ ಕಾಳು, ಕಡಲ ಪಕ್ಕದ ಈ ಊರಿನ ಮಳೆಗಾಲದಲ್ಲಿ ಹತ್ತು ದಿನವೂ ನಿಲ್ಲುವುದಿಲ್ಲ. ಮೆಕ್ಕೆಜೋಳ ಮತ್ತು ಶೇಂಗಾದ ಮೇಲೆ ಬೆಳೆಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ, ತೊಳೆದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಕಾಳನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸುವವರನ್ನು ಇಲ್ಲಿ ನೋಡಿದ್ದೇನೆ. ಕೈಮುಗಿದು ಹೇಳುತ್ತೇನೆ, ಎಸೆದುಬಿಡಿ.

ಅಂದಿನಿಂದ ಮಳೆಗಾಲದಲ್ಲಿ ವಾರದ ಲೆಕ್ಕ ಇಟ್ಟುಕೊಂಡಿದ್ದೇನೆ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಸಾಕು. ನನ್ನ 20 ಹಕ್ಕಿಗಳಿಗೆ ದಿನಕ್ಕೆ 600 ಗ್ರಾಂ, ವಾರಕ್ಕೆ ನಾಲ್ಕು ಕಿಲೋ ಚಿಲ್ಲರೆ. ಅಷ್ಟನ್ನೇ ತರುತ್ತೇನೆ, ಅಷ್ಟನ್ನೇ ಬೆರೆಸುತ್ತೇನೆ. ಚಳಿಗಾಲದಲ್ಲಿ ಮಾತ್ರ ಹತ್ತು ಕಿಲೋ ಒಟ್ಟಿಗೆ ಬೆರೆಸುವ ಧೈರ್ಯ ಮಾಡುತ್ತೇನೆ. ಮೂರು ಕಿಲೋ ಮೆಕ್ಕೆಜೋಳ, ಎರಡು ಕಿಲೋ ಬಿಳಿಜೋಳ, ಸಜ್ಜೆ, ಗೋಧಿ, ಬಟಾಣಿ, ಹೆಸರುಕಾಳು ಮತ್ತು ಕುಸುಬೆ ತಲಾ ಒಂದು ಕಿಲೋ. ಇದರಲ್ಲಿ ಪ್ರೋಟೀನ್ ಸುಮಾರು 13 ಶೇಕಡಾ ಬರುತ್ತದೆ, ಹಾರುವ ಹಕ್ಕಿಗೆ ಅದು ಸಾಕು. ಮರಿ ಮಾಡುವ ಜೋಡಿಗಳಿಗೆ ಮೆಕ್ಕೆಜೋಳ ಮತ್ತು ಬಿಳಿಜೋಳವನ್ನು ಒಂದೊಂದು ಕಿಲೋ ಇಳಿಸಿ ಬಟಾಣಿ, ಹೆಸರನ್ನು ಒಂದೊಂದು ಕಿಲೋ ಏರಿಸಿದರೆ ಅದು 16ರ ಹತ್ತಿರ ಹೋಗುತ್ತದೆ. ತಂದೆ ತಾಯಿ ಇಬ್ಬರೂ ಗಂಟಲ ಚೀಲದಲ್ಲಿ ಹಾಲಿನಂಥ ಆಹಾರ ಮಾಡಿ ಮರಿಗೆ ಉಣಿಸುವ ಹಕ್ಕಿ ಇದು. ಆ ದಿನಗಳಲ್ಲಿ ಬೇಳೆಕಾಳಿಗೆ ಕೈ ಬಿಗಿ ಮಾಡಿದರೆ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಬರೀ ಜೋಳ ಸಜ್ಜೆ ಹಾಕಿದರೂ ಹೊಟ್ಟೆ ತುಂಬುತ್ತದೆ. ಆದರೆ ಧಾನ್ಯಗಳಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಅದು ಬರುವುದು ಬೇಳೆಕಾಳುಗಳಿಂದ. ನಾವು ಅನ್ನಕ್ಕೆ ಸಾರು ಹಾಕಿಕೊಳ್ಳುವುದಕ್ಕೂ ಇದಕ್ಕೂ ಕಾರಣ ಒಂದೇ.

ಇಲ್ಲಿನ ಗೆಳೆಯರಲ್ಲಿ ಹಲವರು ಈ ಕಷ್ಟವೇ ಬೇಡವೆಂದು ಯುರೋಪಿನಿಂದ ಬರುವ ಸಿದ್ಧ ಮಿಶ್ರಣದ ಚೀಲ ಕೊಳ್ಳುತ್ತಾರೆ. ನಾನೂ ಒಂದು ವರ್ಷ ಕೊಂಡೆ. ಕಾಳು ಶುಚಿಯಾಗಿರುತ್ತದೆ, ಬಣ್ಣಬಣ್ಣವಾಗಿ ಚೆನ್ನಾಗಿ ಕಾಣುತ್ತದೆ. ಅದರ ಪಟ್ಟಿಯಲ್ಲಿ ‘ಕರ್ಡಿ’ ಎಂದು ಓದಿ ಯಾವುದೋ ಅಪರೂಪದ ಬೀಜವಿರಬೇಕು ಎಂದುಕೊಂಡಿದ್ದೆ. ಕೈಗೆ ತೆಗೆದುಕೊಂಡು ನೋಡಿದರೆ ಕುಸುಬೆ! ಮರಾಠಿಯವರ ಕರಡಈ. ‘ದರಿ’ ಎಂದರೆ ಬಿಳಿಜೋಳ. ವಿಜಯಪುರದ ನಮ್ಮ ಅತ್ತೆಯವರ ಹೊಲದಲ್ಲಿ ಜೋಳದ ಅಂಚಿಗೆ ಮುಳ್ಳಿನ ಬೇಲಿಯಂತೆ ನಿಲ್ಲುವ ಬೆಳೆಯನ್ನು, ಅದೇ ಜೋಳವನ್ನು, ನಾನು ಹಡಗಿನಲ್ಲಿ ತರಿಸಿಕೊಂಡು ಹಲವು ಪಟ್ಟು ಬೆಲೆ ಕೊಡುತ್ತಿದ್ದೆ. ಅತ್ತೆಯವರು “ಎಣ್ಣೆ ಹಿಂಡುವ ಕುಸುಬೆಯನ್ನು ಹಕ್ಕಿಗೆ ಹಾಕುತ್ತೀರಾ ಅಳಿಯಂದಿರೇ?” ಎಂದು ಕೇಳಿ, ಮರುವರ್ಷದಿಂದ ಐದು ಕಿಲೋ ಬೇರೆ ಕಟ್ಟಿಡುತ್ತಿದ್ದಾರೆ. ಚೀಲದ ಬಗ್ಗೆ ನನ್ನ ದೂರು ಬೆಲೆಯದ್ದಷ್ಟೇ ಅಲ್ಲ. ಒಮ್ಮೆ ಬೆರೆಸಿ ಹೊಲಿದದ್ದನ್ನು ಇಂದು ಒಂದು ಹಿಡಿ ಹೆಚ್ಚು, ನಾಳೆ ಒಂದು ಹಿಡಿ ಕಡಿಮೆ ಎಂದು ತಿದ್ದಲು ಬರುವುದಿಲ್ಲ. ಅದು ಬಂದರಿನಲ್ಲಿ, ಗೋದಾಮಿನಲ್ಲಿ ಎಷ್ಟು ಮಳೆ ಕಂಡಿದೆಯೋ ನಮಗೆ ತಿಳಿಯುವುದಿಲ್ಲ.

ಕುರ್ಲಾ ಕಡೆಯ ಹಿರಿಯರೊಬ್ಬರ ರೀತಿ ಬೇರೆ. ಅವರದ್ದು ರೇಸ್ ಹಕ್ಕಿಯಲ್ಲ. ತನ್ನ ಮನೆಯ ಮೇಲೆಯೇ ಚುಕ್ಕಿಯಾಗುವಷ್ಟು ಎತ್ತರದಲ್ಲಿ ಗಂಟೆಗಟ್ಟಲೆ ನಿಲ್ಲುವ ಹಕ್ಕಿ. ಅವರ ಮೇವು ಬಹುಪಾಲು ಸಜ್ಜೆಯೇ, ಹಾರಿಸುವ ದಿನಗಳಲ್ಲಿ ಬಾದಾಮಿ, ತುಪ್ಪದ ಉಂಡೆ. ಬಾದಾಮಿಯ ಮಾತು ನನಗೆ ಒಪ್ಪಿಗೆಯಿಲ್ಲ. ಕೊಬ್ಬಿಗಾಗಿ ಬಾದಾಮಿಯೇ ಬೇಕಿಲ್ಲ, ಶೇಂಗಾದಲ್ಲಿ ಅರ್ಧದಷ್ಟು ಕೊಬ್ಬೇ ಇದೆ. ಆದರೆ ಅವರಿಂದ ಕಲಿತದ್ದು ದೊಡ್ಡದು. ಅವರು ಮೇವನ್ನು ತಟ್ಟೆಯಲ್ಲಿ ಇಟ್ಟು ಹೋಗುವುದಿಲ್ಲ. ಕುಳಿತು, ಒಂದೊಂದೇ ಹಿಡಿ ಚೆಲ್ಲಿ, ಯಾವ ಹಕ್ಕಿ ಮೊದಲು ನೀರಿನ ಕಡೆ ತಿರುಗಿತು ಎಂದು ನೋಡಿ ಅಲ್ಲಿಗೆ ನಿಲ್ಲಿಸುತ್ತಾರೆ. ಚಿಕ್ಕಪ್ಪ ತಕ್ಕಡಿಯಲ್ಲಿ ತೂಗುತ್ತಿದ್ದರು, ಇವರು ಕಣ್ಣಿನಲ್ಲಿ ತೂಗುತ್ತಾರೆ. ನಾನು ಈಗ ಎರಡನ್ನೂ ಮಾಡುತ್ತೇನೆ.

ಈ ಅಳತೆಯ ಮೇವಿಗೆ ಮುಂಬಯಿಯಲ್ಲಿ ಇನ್ನೊಂದು ಮಹತ್ವವಿದೆ. 2025ರ ಜುಲೈನಲ್ಲಿ ನಗರದ ಕಬೂತರಖಾನೆಗಳನ್ನು, ಜನ ಪಾರಿವಾಳಗಳಿಗೆ ಕಾಳು ಹಾಕುವ ಜಾಗಗಳನ್ನು, ಮುಚ್ಚುವ ಆದೇಶ ಬಂದು, ದಾದರದ ಕಬೂತರಖಾನೆಗೆ ತಾಡಪಾಲು ಹೊದಿಸಿದ ಮೇಲೆ, ಪಾರಿವಾಳ ಎಂದರೆ ನೆರೆಯವರ ಮುಖ ಗಂಟಾಗುತ್ತದೆ. ಅವರ ಭಯ ಸುಳ್ಳಲ್ಲ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಡುಕು. ನಾನು ಗೂಡು ಕೆರೆಯುವಾಗ ಮಾಸ್ಕ್ ತೆಗೆಯುವುದಿಲ್ಲ. ತಾರಸಿಯ ಮೇಲೆ ಒಂದು ಕಾಳೂ ಉಳಿಯಬಾರದು. ಉಳಿದರೆ ಬೀದಿ ಪಾರಿವಾಳ ಬರುತ್ತದೆ, ಇಲಿ ಬರುತ್ತದೆ, ಅವುಗಳ ಹಿಂದೆ ರೋಗ ಬರುತ್ತದೆ. ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಚೆಲ್ಲಿದ್ದನ್ನು ಗುಡಿಸಿ ಬಾಗಿಲು ಹಾಕುತ್ತೇನೆ. ಕೆಳಮನೆಯ ಕುಂದಾಪುರದ ಅಕ್ಕ ಮೊದಲು ಸೊಸೈಟಿಯಲ್ಲಿ ನನ್ನ ವಿರುದ್ಧ ಮಾತನಾಡಿದ್ದರು. ಒಂದು ವಾರ ಮೇಲೆ ಬಂದು ನೋಡಿ ಸುಮ್ಮನಾದರು.

ರೇಸಿನ ವಾರದ ಮೇವಿನಲ್ಲಿ ಮಾತ್ರ ಚಿಕ್ಕಪ್ಪನನ್ನು ಬಿಟ್ಟುಕೊಟ್ಟಿಲ್ಲ. ಹಾರಿ ಬಂದ ಮೊದಲ ಎರಡು ದಿನ ಹಗುರ ಮೇವು. ಅವರು ಸಿಪ್ಪೆಯುಳ್ಳ ಭತ್ತ ಬೆರೆಸುತ್ತಿದ್ದರು, ಯುರೋಪಿನವರು ಜವೆಗೋಧಿ ಬೆರೆಸುತ್ತಾರೆ. ಇಲ್ಲಿ ಪಾಲಘರ್ ಕಡೆಯ ರೈತರಿಂದ ಭತ್ತವೇ ಸಿಗುತ್ತದೆ. ನಡುವಿನ ದಿನಗಳಲ್ಲಿ ಮೇಲಿನ ಮಿಶ್ರಣ. ರೇಸಿಗೆ ಕಳಿಸಲು ಬುಟ್ಟಿಗೆ ಹಾಕುವ ಮುನ್ನಿನ ಎರಡು ದಿನ ಮೆಕ್ಕೆಜೋಳ ಹೆಚ್ಚಿಸಿ, ಸಂಜೆ ಹಕ್ಕಿಗೆ ನಾಲ್ಕೈದು ಹಸಿ ಶೇಂಗಾ. ದೂರ ಹಾರುವ ಹಕ್ಕಿಯ ರೆಕ್ಕೆಯ ಸ್ನಾಯು ಉರಿಸುವುದು ಮುಖ್ಯವಾಗಿ ಕೊಬ್ಬನ್ನು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಅಷ್ಟೇ ಪಿಷ್ಟದಲ್ಲಿ 4. ತರಬೇತಿಗೆ ನಾಶಿಕ್‌ನಿಂದ ಬಿಟ್ಟರೆ ನನ್ನ ತಾರಸಿಗೆ ನೇರ ದೂರ ಸುಮಾರು 115 ಕಿಲೋಮೀಟರ್, ಅಷ್ಟಕ್ಕೆ ಶೇಂಗಾ ಬೇಕಾಗಿಲ್ಲ. ಧುಳೆಯಿಂದ ಬಿಟ್ಟರೆ 250 ದಾಟುತ್ತದೆ, ಕಸಾರಾ ಘಾಟಿ ಇಳಿಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಆಗ ಆ ನಾಲ್ಕು ಕಾಳಿನ ಬೆಲೆ ತಿಳಿಯುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಮಳೆಗಾಲದ ಉಳಿತಾಯ ಕಂಡಾಗ. ರೇಸ್ ಇರುವುದು ಚಳಿಗಾಲದಲ್ಲಿ, ಈಗ ಬಟಾಣಿ ಏಕೆ, ಹೆಸರು ಏಕೆ ಎಂದು ಬರೀ ಸಜ್ಜೆ ಹಾಕುವವರು ಬೆಂಗಳೂರಿನಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಹಕ್ಕಿ ಗರಿ ಉದುರಿಸಿ ಹೊಸದು ಕಟ್ಟಿಕೊಳ್ಳುವುದು ಆ ತಿಂಗಳುಗಳಲ್ಲೇ. ಗರಿ ಎಂದರೆ ಬಹುತೇಕ ಪ್ರೋಟೀನ್. ಪ್ರತಿ ರೆಕ್ಕೆಯ ತುದಿಯಲ್ಲಿ ಹತ್ತು ದೊಡ್ಡ ಗರಿಗಳು ಒಂದಾದ ಮೇಲೊಂದರಂತೆ ಬೆಳೆಯುತ್ತವೆ. ಬೆಳೆಯುವ ಗರಿಗೆ ಹಸಿವು ತಟ್ಟಿದರೆ ಅಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಮೂಡುತ್ತದೆ. ಹಕ್ಕಿಯನ್ನು ಕೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿದರೆ ಒಡೆಯ ಯಾವ ವಾರ ಕೈ ಬಿಗಿ ಮಾಡಿದ್ದ ಎಂದು ಆ ಗೆರೆಯೇ ಹೇಳುತ್ತದೆ, ಮತ್ತು ಮುಂದಿನ ಮಳೆಗಾಲದವರೆಗೆ ಹೇಳುತ್ತಲೇ ಇರುತ್ತದೆ. ಜನವರಿಯಲ್ಲಿ ಗರಿ ಅಲ್ಲೇ ಮುರಿಯುತ್ತದೆ.

ಕಳೆದ ತಿಂಗಳು ಠಾಣೆಯ ಕನ್ನಡ ಹುಡುಗನೊಬ್ಬ ಮಿಶ್ರಣ ಬರೆದುಕೊಡಿ ಅಣ್ಣ ಎಂದು ಬಂದಿದ್ದ. ಬರೆದುಕೊಡಲಿಲ್ಲ. ಪ್ರತಿಯೊಂದು ಕಾಳಿನಿಂದ ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡು, ಎಷ್ಟು ಮೊಳೆತವು ಎಂದು ಬಂದು ಹೇಳು ಎಂದೆ. ಮೊಳೆಯದ ಕಾಳು ಹಳೆಯದು, ಇಲ್ಲವೇ ಬೆಂದದ್ದು. ಬಿತ್ತನೆಗೆಂದು ಔಷಧ ಹಚ್ಚಿ ಗುಲಾಬಿ ಬಣ್ಣ ಮಾಡಿದ ಬೀಜವನ್ನು ಮಾತ್ರ, ಎಷ್ಟೇ ಚೆನ್ನಾಗಿ ಮೊಳೆಯಲಿ, ಗೂಡಿನ ಹತ್ತಿರವೂ ತರಬೇಡ ಎಂದು ಎರಡು ಬಾರಿ ಹೇಳಿದೆ. ಮೂರು ದಿನಕ್ಕೆ ಅವನ ಫೋನ್ ಬಂತು. ಹೆಸರು 96, ಬಿಳಿಜೋಳ 91, ಬಟಾಣಿ ಬರೀ 58. ನಾನು ತಂದದ್ದೂ ಅದೇ ಅಂಗಡಿಯ ಬಟಾಣಿ. ಬಟ್ಟೆ ಬಿಚ್ಚಿ ಎಣಿಸಿದರೆ ನನ್ನದು 61. ಶನಿವಾರ ಇಬ್ಬರೂ ಬೆಳಗಿನ ಲೋಕಲ್ ಹಿಡಿದು ವಾಶಿಗೆ ಹೋಗುತ್ತಿದ್ದೇವೆ.