ಕೆನೆ ಮತ್ತು ಶುಂಠಿ
ಹಾಲು ಕಾಯಿಸಿಟ್ಟು ಹತ್ತು ನಿಮಿಷ ಆ ಕಡೆ ಈ ಕಡೆ ಹೋಗಿ ಬಂದ್ರೆ ಮೇಲೆ ಸುಕ್ಕು ಸುಕ್ಕಾಗಿ ಕೆನೆ ಕಟ್ಟಿರುತ್ತಲ್ಲ, ಅದನ್ನ ಚಮಚದಲ್ಲಿ ಎತ್ತುವಾಗೆಲ್ಲ ನಂಗೆ ಬ್ರಿಟನ್ನಿನ ಮೂರು ಜನ ನೆನಪಾಗ್ತಾರೆ. 1966ರಲ್ಲಿ ಗಿಟಾರಿನ ಎರಿಕ್ ಕ್ಲ್ಯಾಪ್ಟನ್, ಬೇಸ್ ಗಿಟಾರಿನ ಜಾಕ್ ಬ್ರೂಸ್, ಡ್ರಮ್ಸ್ ಬಾರಿಸೋ ಜಿಂಜರ್ ಬೇಕರ್ ಸೇರ್ಕೊಂಡು ಬ್ಲೂಸ್ ಅನ್ನೋ ಅಮೆರಿಕದ ಕಪ್ಪು ಜನರ ಸಂಗೀತ ನುಡಿಸೋಕೆ ಬ್ಯಾಂಡ್ ಕಟ್ಟಿ ಕ್ರೀಮ್ ಅಂತ ಹೆಸರಿಟ್ರು. ಯಾಕಪ್ಪಾ ಅಂದ್ರೆ, ಅಲ್ಲಿನ ಬ್ಲೂಸ್, ಜಾಝ್ ನುಡಿಸೋರಲ್ಲಿ ನಾವೇ ಕೆನೆ ಅಂತ! ಜನಾನೂ ಹಾಗೇ ಅಂತಿದ್ರು ಅನ್ನಿ, ಆದ್ರೂ ತಾವೇ ಬೋರ್ಡ್ ಹಾಕ್ಕೊಳ್ಳೋಕೆ ಧೈರ್ಯ ಬೇಕು. ಮೊದಲು ಸ್ವೀಟ್ ಅಂಡ್ ಸೋರ್ ರಾಕ್ ಅಂಡ್ ರೋಲ್ ಅಂತ ಇಡೋ ಯೋಚನೆ ಇತ್ತಂತೆ, ಚೈನೀಸ್ ಹೋಟ್ಲು ಮೆನು ಥರ, ಸದ್ಯ ಬಿಟ್ರು.

ಬೇಕರ್‌ನ ನಿಜವಾದ ಹೆಸರು ಪೀಟರ್, ಕೂದಲು ಕೆಂಪಗಿತ್ತು ಅಂತ ಜಿಂಜರ್, ಅಂದ್ರೆ ಶುಂಠಿ, ನಮ್ಮ ಕಡೆ ಆಗಿದ್ರೆ ಕೆಂಚ ಅಂತಿದ್ರು. ಇವನಿಗೂ ಬ್ರೂಸ್‌ಗೂ ಹಾವು ಮುಂಗುಸಿ. ಹಿಂದಿನ ಬ್ಯಾಂಡಲ್ಲಿ ಸ್ಟೇಜ್ ಮೇಲೇ ಹೊಡೆದಾಡಿದ್ರು, ಕೊನೆಗೆ ಬೇಕರ್ ಚಾಕು ತೋರಿಸಿ ಓಡಿಸಿದ್ದ ಅಂತಾರೆ. ಅಂಥವನು ಕಾರು ಓಡಿಸ್ತಾ ಕ್ಲ್ಯಾಪ್ಟನ್‌ನ ಬ್ಯಾಂಡಿಗೆ ಕರೆದ್ರೆ, ಅವನು ಬ್ರೂಸ್ ಇದ್ರೆ ಮಾತ್ರ ಬರ್ತೀನಿ ಅನ್ನಬೇಕಾ? ಕಾರು ಎಲ್ಲೋ ಗುದ್ದೋದ್ರಲ್ಲಿತ್ತಂತೆ.

ಹೆಸರಿನ ವಿಷ್ಯದಲ್ಲಿ ಇವರದ್ದು ವಿಚಿತ್ರ ಅದೃಷ್ಟ. ಕ್ಲ್ಯಾಪ್ಟನ್ ಒಂದಿನ ರೇಸ್ ಸೈಕಲ್ ತಗೊಳ್ಳೋ ಮಾತಾಡ್ತಿದ್ದಾಗ ಜೊತೆಗಿದ್ದ ಹುಡುಗ ಡಿರೇಲರ್ ಗೇರ್ (ಸೈಕಲ್ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಗೇರ್) ಅನ್ನೋಕೆ ಹೋಗಿ ಡಿಸ್ರೇಲಿ ಗೇರ್ ಅಂದ್ಬಿಟ್ಟ. ಡಿಸ್ರೇಲಿ ಅಂದ್ರೆ ವಿಕ್ಟೋರಿಯಾ ಕಾಲದ ಪ್ರಧಾನಿ! ಎಲ್ಲಾ ಬಿದ್ದು ಬಿದ್ದು ನಕ್ಕು, 1967ರ ಆಲ್ಬಮ್ಮಿಗೆ ಅದೇ ಹೆಸರು.

ಇಷ್ಟೆಲ್ಲಾ ಆಗಿ ಬಾಳಿದ್ದು ಎರಡೂವರೆ ವರ್ಷಾನೂ ಇಲ್ಲ. 1968ರ ನವೆಂಬರ್ 26ಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕೊನೇ ಕಚೇರಿ. ಹಾಲ್ ಅಂತೆ, ನೋಡಿ! ಜನ ಇವರ ಜಗಳ, ಆಂಪ್ಲಿಫೈಯರ್ ಗದ್ದಲ, ಸುಸ್ತು ಅಂತೆಲ್ಲ ಕಾರಣ ಕೊಡ್ತಾರೆ, ಎಲ್ಲಾ ನಿಜಾನೇ, ಆದ್ರೆ ನಂಗನ್ಸೋದು, ಹಾಲಿಗೆ ಹಸಿ ಶುಂಠಿ ಹಾಕಿ ಒಡೀಬಾರ್ದು ಅಂದ್ರೆ ಹೇಗೆ? ಶುಂಠೀನ ನೀರಲ್ಲಿ ಚೆನ್ನಾಗಿ ಕುದಿಸಿ ಆಮೇಲೆ ಹಾಲು ಹಾಕ್ಬೇಕು, ಅವರಿಗೆ ಅಷ್ಟು ತಾಳ್ಮೆ ಎಲ್ಲಿತ್ತು. 2005ರ ಮೇನಲ್ಲಿ ಅದೇ ಹಾಲ್‌ನಲ್ಲಿ ಮತ್ತೆ ಸೇರಿ ನಾಲ್ಕು ರಾತ್ರಿ ನುಡಿಸಿದ್ರು.

ನಿನ್ನೆ ಟೀ ಮಾಡೋವಾಗ ನಾನೂ ಅವಸರಕ್ಕೆ ಅರ್ಧ ಲೀಟರ್ ಒಡೆಸಿದೆ. ಅಮ್ಮ ಬೈಕೊಂಡೇ ಸೋಸಿ ಸಕ್ಕರೆ ಹಾಕಿಕೊಟ್ರು, ಘಮ ಘಮ ಅಂತಿತ್ತು.